ಮುಂಜಾವಿನಲ್ಲಿ ಕೊಯ್ದ ಐದು ಎಲೆಗಳು

ಕಳೆದ ವಾರ ನಿಮ್ಮಿಬ್ಬರಲ್ಲಿ ದೊಡ್ಡವಳು ಶಾಲೆಯಿಂದ ಬಂದು, ಬೆನ್ನಿನ ಚೀಲ ಇಳಿಸುವ ಮೊದಲೇ ನನ್ನನ್ನು ಒಂದು ಮಾತು ಕೇಳಿದಳು.

"ಅಮ್ಮಮ್ಮಾ, ನಮ್ಮ ಸ್ಕೂಲ್ ಲ್ಯಾಬ್‌ನಾಗ ಗೋಡಿ ಮ್ಯಾಲ ಎರಡು ಎಲಿ ಫೋಟೊ ಅದಾವಲ್ಲ, ಒಂದು ಕಪ್ಪು-ನೀಲಿ, ಒಂದು ಬ್ರೌನು, ಅವು ಅಮ್ಮ ಮಾಡಿದ್ದಂತ. ಆ ಎಲಿ ಕೋಸಿದ್ದು ಯಾರು?"

ಎಲೆ ಕೊಯ್ಯುವುದಕ್ಕೆ ನೀವು ತೆಲುಗಿನ ಮಾತನ್ನೇ ಕನ್ನಡ ಮಾಡಿಕೊಂಡಿದ್ದೀರಿ. ನಾನು ನಗುತ್ತಾ, "ಯಾರೋ ಹರದಿರಬೇಕು ಬಿಡವ್ವಾ, ಕೈಕಾಲು ತೊಳಕೊ" ಅಂದೆ. ಅವಳು ಹೋದಳು. ನಾನು ಅಕ್ಕಿ ಆರಿಸುತ್ತಾ ಕುಳಿತೆ. ಈ ಎಲೆಗಳ ವಿಷಯದಲ್ಲಿ ಇದು ನಾನು ಹೇಳಿದ ಮೂರನೆಯ ಸುಳ್ಳು. ಮೊದಲಿನ ಎರಡನ್ನು ನಿಮ್ಮಮ್ಮನಿಗೆ ಹೇಳಿದ್ದೆ. ಆ ಎರಡರಿಂದ ನಿಮಗೆ ಏನಾಯಿತು ಎಂಬುದು ನಿಮಗೆ ಗೊತ್ತಿಲ್ಲ. ಬಾಯಿಬಿಟ್ಟು ಹೇಳುವುದು ನನ್ನಿಂದ ಯಾವತ್ತೂ ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ತನಕ ಕಲಿತವಳು, ಅಕ್ಷರ ದುಂಡಗಿವೆ. ಕನ್ನಡ ಓದಲು ತಡವರಿಸಿದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ. ಅವಳಿಗೆ ಇದರಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ.

ಇದು ನಾಲ್ಕು ವರ್ಷದ ಹಿಂದಿನ ಮಾತು. ದೊಡ್ಡವಳು ಆಗ ಐದನೆಯ ಕ್ಲಾಸು, ಸಣ್ಣವಳು ಯುಕೆಜಿ. ಆಗಲೂ ನಾವು ವಿಜಯವಾಡದ ಪಟಮಟದ ಇದೇ ಮನೆಯಲ್ಲಿದ್ದೆವು. ನಿಮ್ಮಪ್ಪ ಆಗಲೂ ವಿಶಾಖಪಟ್ಟಣದ ಹತ್ತಿರ ದುವ್ವಾಡದ ಔಷಧ ಕಂಪನಿಯಲ್ಲಿ ಪಾಳಿಯ ಕೆಲಸದಲ್ಲಿದ್ದರು. ಹದಿನೈದು ದಿನಕ್ಕೊಮ್ಮೆ ಶನಿವಾರ ರೈಲಿಗೆ ಬಂದು ಭಾನುವಾರ ಮಧ್ಯಾಹ್ನ ಹೊರಡುವರು. ಅವರು ಹೊರಡುವ ಹೊತ್ತಿಗೆ ಸಣ್ಣವಳು ಅವರ ಬೂಟುಗಳನ್ನು ಅಕ್ಕಿಯ ಡಬ್ಬಿಯೊಳಗೆ ಬಚ್ಚಿಡುತ್ತಿದ್ದಳು. ಮೊದಲ ಸಲ ಎಲ್ಲರೂ ನಕ್ಕೆವು. ಆಮೇಲಾಮೇಲೆ ನಿಮ್ಮಪ್ಪ ಬೂಟಿಗೆ ಅಂಟಿದ ಅಕ್ಕಿಯನ್ನು ಒಂದೊಂದಾಗಿ ತೆಗೆಯುತ್ತಾ ತಲೆ ತಗ್ಗಿಸಿ ಕೂರುವರು. ಆಗ ಯಾರೂ ನಗುತ್ತಿರಲಿಲ್ಲ.

ವಿಶಾಖಪಟ್ಟಣ ನನಗೆ ಹೊಸದಲ್ಲ. ನಿಮ್ಮಜ್ಜ ಬ್ಯಾಂಕಿನ ಗುಮಾಸ್ತರಾಗಿ ವರ್ಗವಾಗಿ ಮೊದಲು ಬಂದದ್ದು ಅಲ್ಲಿಗೇ. ನಿಮ್ಮಮ್ಮ ಜೀವಶಾಸ್ತ್ರ ಕಲಿತದ್ದು, ಮಾಸ್ತರಿಕೆಯ ಡಿಗ್ರಿ ಮಾಡಿದ್ದು ಅಲ್ಲಿಯೇ. ಅಜ್ಜ ತೀರಿಹೋದದ್ದೂ ಅಲ್ಲಿಯೇ. ಆಮೇಲೆ ನಿಮ್ಮಮ್ಮನಿಗೆ ವಿಜಯವಾಡದ ಶಾಲೆಯಲ್ಲಿ ಕೆಲಸ ಸಿಕ್ಕಿ, ಅವಳ ಹಿಂದೆ ನಾನು ಬಂದೆ. ದುವ್ವಾಡದ ಕೆಲಸಕ್ಕೆ ಸೇರಿದಾಗ ನಿಮ್ಮಪ್ಪ, ಒಂದೇ ವರ್ಷ, ಅಷ್ಟರಲ್ಲಿ ಇವಳೂ ಅಲ್ಲಿಗೆ ಬರುತ್ತಾಳೆ ಅಂತ ಎಲ್ಲರಿಗೂ ಹೇಳುತ್ತಿದ್ದರು. ಆ ವರ್ಷ ಮುಗಿದು ಇನ್ನೊಂದು ಬಂತು. ಅವರಿಬ್ಬರೂ ಫೋನಿನಲ್ಲಿ ಮಾತಾಡುವುದು ಕಡಿಮೆಯಾಗುತ್ತಾ ಬಂತು. ಊಟ ಆತಾ, ಮಕ್ಕಳು ಮಲಗಿದ್ವಾ, ಅಷ್ಟೇ. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಜಗಳವಾಡಿದ್ದರೂ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಒಂದು ದಾರಿ ಕಂಡಿತು. ನಿಮ್ಮಮ್ಮನ ಶಾಲೆಯವರದೇ ಇನ್ನೊಂದು ಶಾಲೆ ವಿಶಾಖಪಟ್ಟಣದಲ್ಲಿತ್ತು. ಅಲ್ಲಿ ವಿಜ್ಞಾನ ವಿಭಾಗಕ್ಕೆ ಒಬ್ಬ ಮುಖ್ಯಸ್ಥರು ಬೇಕಾಗಿದ್ದರು. ಒಳಗಿನವರಿಗೇ ಕೊಡುತ್ತೇವೆ, ಆದರೆ ಬಂದು ಎಲ್ಲರೆದುರು ಒಂದು ಪಾಠ ಮಾಡಿ ತೋರಿಸಬೇಕು. ಒಂದೇ ವಿಷಯವನ್ನು ಎರಡು ಶಾಸ್ತ್ರದವರು ಸೇರಿ ಕಲಿಸಬೇಕು ಅಂದರಂತೆ. ನಿಮ್ಮಮ್ಮ ದ್ಯುತಿಸಂಶ್ಲೇಷಣೆಯನ್ನು ಆರಿಸಿಕೊಂಡಳು. ಗಿಡ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಪಾಠ.

ಅದಕ್ಕೆ ಕಾರಣ ಅವಳ ಕ್ಲಾಸಿನ ಒಬ್ಬ ಹುಡುಗಿ. ಆ ಹುಡುಗಿ ಎದ್ದು ನಿಂತು, "ಮೇಡಂ, ಫಿಜಿಕ್ಸ್ ಮೇಡಂ ಶಕ್ತಿಯನ್ನ ಯಾರೂ ಹೊಸದಾಗಿ ಹುಟ್ಟಿಸೋಕೆ ಆಗಲ್ಲ ಅಂತಾರೆ. ನೀವು ಎಲೆ ಶಕ್ತಿ ತಯಾರು ಮಾಡುತ್ತೆ ಅಂತೀರಿ. ಪರೀಕ್ಷೆಯಲ್ಲಿ ಯಾವ ಮೇಡಂದು ಬರೀಲಿ?" ಅಂತ ಕೇಳಿದಳಂತೆ. ನಿಮ್ಮಮ್ಮ ಮನೆಗೆ ಬಂದು ಅದನ್ನು ಹೇಳಿ ನಕ್ಕಳು, ಆಮೇಲೆ, "ಹತ್ತು ವರ್ಷ ಆತವ್ವಾ ನಾ ಕಲಸಾಕತ್ತು. ಮೊದಲನೇ ಪೀರಿಯಡ್ಡಿನ ಬೆಳಕು, ಮೂರನೇ ಪೀರಿಯಡ್ಡಿನ ಎಲಿ, ಎರಡೂ ಒಂದ ಅಂತ ಹುಡುಗ್ರಿಗೆ ಗೊತ್ತ ಇಲ್ಲ" ಅಂದಳು.

ಆ ಫಿಜಿಕ್ಸ್ ಮೇಡಂ ನಿಮಗೆ ನೆನಪಿರಬೇಕು. ಇಬ್ರಾಹಿಂಪಟ್ನಂನಿಂದ ಬಸ್ಸಿಗೆ ಬರುತ್ತಿದ್ದರು, ಅವರ ಯಜಮಾನರು ಅಲ್ಲಿಯ ಕರೆಂಟ್ ಸ್ಥಾವರದಲ್ಲಿದ್ದರು. ದೊಡ್ಡ ದನಿ, ದೊಡ್ಡ ನಗು. ನಮ್ಮ ಮನೆಗೆ ಬಂದರೆ ನಾನು ಒಳಗೆ ಸರಿಯುವವಳು, ಅವರು ಅಡುಗೆಮನೆಗೇ ಬಂದು, "ಅಮ್ಮಗಾರೂ, ಟೀ ಉಂದಾ?" ಅಂತ ಚಹಾ ಇದೆಯಾ ಕೇಳುತ್ತಾ ನನ್ನ ಪಕ್ಕ ನೆಲದ ಮೇಲೆ ಕೂರುವರು. "ನಮ್ಮೂರಿನ ಬಾಯ್ಲರಿನಲ್ಲಿ ಉರಿಯೋದೂ ಎಲೆಯೇ ಅಮ್ಮಗಾರೂ, ಕಲ್ಲಿದ್ದಲು ಅಂದರೆ ಯಾವ ಕಾಲದ್ದೋ ಎಲೆ, ಯಾವ ಕಾಲದ್ದೋ ಬಿಸಿಲು" ಅಂತ ತೆಲುಗಿನಲ್ಲಿ ಹೇಳುವರು. ನನಗೆ ಅರ್ಧ ತಿಳಿಯುತ್ತಿತ್ತು, ತಿಳಿಯದ್ದಕ್ಕೂ ತಲೆಯಾಡಿಸುತ್ತಿದ್ದೆ.

ಇಬ್ಬರೂ ಸೇರಿ ಪಾಠ ಕಟ್ಟಿದರು. ಮೊದಲ ಅರ್ಧ ಫಿಜಿಕ್ಸ್ ಮೇಡಂದು. ಬಿಳಿ ಬೆಳಕನ್ನು ಗಾಜಿನ ಪಟ್ಟಕದಿಂದ ಏಳು ಬಣ್ಣವಾಗಿ ಒಡೆಯುವುದು, ಬೆಳಕು ಬಿದ್ದರೆ ಒಂದು ಪುಟ್ಟ ಸೌರ ಹಲಗೆ ಫ್ಯಾನು ತಿರುಗಿಸುವುದು, ಎಲೆ ಕೆಂಪು ಮತ್ತು ನೀಲಿಯನ್ನು ಹೆಚ್ಚು ತೆಗೆದುಕೊಂಡು ಹಸಿರನ್ನು ಹೆಚ್ಚಾಗಿ ಹಿಂದಕ್ಕೆ ಕೊಡುತ್ತದೆ, ಅದಕ್ಕೇ ನಮಗೆ ಹಸಿರಾಗಿ ಕಾಣುತ್ತದೆ ಅಂತ ಹೇಳುವುದು. ಅಲ್ಲಿಗೆ ಅವರು ನಿಲ್ಲಿಸಿ, "ನಿಜವೋ ಸುಳ್ಳೋ ಎಲೆಯನ್ನೇ ಕೇಳೋಣ" ಅನ್ನಬೇಕು. ಆಗ ನಿಮ್ಮಮ್ಮ ಎದ್ದು ಐದು ಎಲೆಗಳನ್ನು ಹೊರತೆಗೆಯಬೇಕು. ಒಂದು ಇಡೀ ದಿನ ಬಿಸಿಲಿನಲ್ಲಿದ್ದದ್ದು, ಒಂದು ಕಪ್ಪು ಕಾಗದ ಸುತ್ತಿದ್ದು, ಉಳಿದ ಮೂರು ಬೆಳಕು ಹಾಯುವ ಕೆಂಪು, ಹಸಿರು, ನೀಲಿ ಹಾಳೆ ಸುತ್ತಿದ್ದವು. ಎಲ್ಲದರ ಮೇಲೆ ಅಯೋಡಿನ್ ಹಾಕಿದರೆ ಯಾವ ಎಲೆಯಲ್ಲಿ ಪಿಷ್ಟ ಇದೆಯೋ ಅದು ಕಪ್ಪು-ನೀಲಿ ಆಗುತ್ತದೆ. ಪಾಠವೆಲ್ಲ ಆ ಐದು ಎಲೆಗಳ ಮೇಲೆ ನಿಂತಿತ್ತು.

ಪಿಷ್ಟ ಅಂದರೆ ಏನು ಅಂತ ನಿಮ್ಮಮ್ಮ ನನಗೆ ಅಡುಗೆಮನೆಯಲ್ಲಿ ತೋರಿಸಿದ್ದಳು. ಅನ್ನ ಬಸಿದ ಗಂಜಿಗೆ ಎರಡು ಹನಿ ಅಯೋಡಿನ್ ಬಿಟ್ಟಳು. ಶಾಯಿ ಚೆಲ್ಲಿದಂತೆ ಆಯಿತು. ನಾನು ಜೀವಮಾನವೆಲ್ಲ ಸೀರೆಗೆ ಹಾಕಿದ ಗಂಜಿ ಅದು! "ಎಲಿನೂ ಹಗಲೆಲ್ಲಾ ಗಂಜಿ ಮಾಡ್ತದವ್ವಾ" ಅಂದಳು. ಸಣ್ಣವಳು ಇಡ್ಲಿಗೂ ಹಾಕಿ ನೋಡಿ ಬೈಸಿಕೊಂಡಳು.

ತಾರಸಿಯ ಮೇಲಿದ್ದ ನಮ್ಮ ಕುಂಡದ ದಾಸವಾಳವನ್ನೇ ಆರಿಸಿದರು. ಮೊದಲು ಗಿಡವನ್ನು ಎರಡು ದಿನ ಕತ್ತಲೆಯಲ್ಲಿಡಬೇಕು, ಇದ್ದ ಗಂಜಿಯೆಲ್ಲ ಖಾಲಿಯಾಗಲು. ಸಾಮಾನಿನ ಕೋಣೆಯಲ್ಲಿಟ್ಟು ಕಪ್ಪು ಬಟ್ಟೆ ಹೊದಿಸಿದಳು. ನನಗೆ ನೋಡಲಾಗುತ್ತಿರಲಿಲ್ಲ. ನಿಮ್ಮಜ್ಜ ಹೋದಾಗ ನನ್ನನ್ನೂ ಹಾಗೇ ಒಂದು ಮೂಲೆಯಲ್ಲಿ ಕೂಡಿಸಿದ್ದರು. ಬಾಗಿಲು ಸರಿಸಿ ನೀರು ಕೊಡಲು ಹೋದಾಗಲೆಲ್ಲ ಗಿಡಕ್ಕೆ, "ಎರಡ ದಿನ ತಡಿಯವ್ವಾ" ಅನ್ನುತ್ತಿದ್ದೆ.

ಒಂದು ಭಾನುವಾರ ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದರು. ಸಂಜೆ ನಿಮ್ಮಮ್ಮನೇ ಎಲೆ ಕೊಯ್ದು, ಕುದಿಯುವ ನೀರಿನಲ್ಲಿ ಅದ್ದಿ, ಹಸಿರು ಬಿಡುವ ಹಾಗೆ ಸ್ಪಿರಿಟ್ಟಿನಲ್ಲಿಟ್ಟು, ಮರುದಿನ ಅಯೋಡಿನ್ ಹಾಕಿದಳು. ಬಿಸಿಲಿನದು ಕಪ್ಪು-ನೀಲಿ, ಕೆಂಪು ಹಾಳೆಯದೂ ನೀಲಿ ಹಾಳೆಯದೂ ಗಾಢ, ಹಸಿರು ಹಾಳೆಯದು ಮಬ್ಬು, ಕಪ್ಪು ಕಾಗದದ್ದು ಬರೀ ಕಂದು. ಫಿಜಿಕ್ಸ್ ಮೇಡಂ ನನ್ನನ್ನು ಎತ್ತಿಯೇ ಬಿಟ್ಟರು. "ಅಮ್ಮಗಾರೂ, ಸಾಮಾನು ಕಟ್ಟಿ, ವೈಜಾಗ್‌ಗೆ ಹೊರಡಿ!" ನಿಮ್ಮಮ್ಮ ನಿಮ್ಮಪ್ಪನಿಗೆ ಫೋಟೊ ಕಳಿಸಿದಳು. ಆ ದಿನ ಅವರಿಬ್ಬರೂ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಅಲ್ಲಿ ಯಾವ ಮನೆ ನೋಡುವುದು, ನಿಮ್ಮನ್ನು ಯಾವ ಕ್ಲಾಸಿಗೆ ಸೇರಿಸುವುದು ಅಂತ.

ಪಾಠದ ದಿನ ನಿಗದಿಯಾಯಿತು. ಕುಂಡವನ್ನು ರೈಲಿನಲ್ಲಿ ಒಯ್ಯಲಾಗದು, ಎಲೆಗಳನ್ನು ಇಲ್ಲಿಯೇ ತಯಾರು ಮಾಡಿ ಬಾಟಲಿಯಲ್ಲಿ ಒಯ್ಯಬೇಕು. ಹೊರಡುವ ಹಿಂದಿನ ದಿನ ಗಿಡ ಬೆಳಗಿನಿಂದ ಬಿಸಿಲಿನಲ್ಲಿತ್ತು. ನಿಮ್ಮಮ್ಮ ಐದು ಎಲೆಗಳ ತೊಟ್ಟಿಗೆ ದಾರದ ಗಂಟು ಕಟ್ಟಿದ್ದಳು. ಒಂದು ಗಂಟು ಬಯಲಿನ ಎಲೆ, ಎರಡು ಗಂಟು ಕಪ್ಪು, ಹೀಗೆ ಐದರ ತನಕ. ಅವಳಿಗೆ ಆ ಸಂಜೆ ಶಾಲೆಯಲ್ಲಿ ಪೋಷಕರ ಸಭೆ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು:

"ಅವ್ವಾ, ಐದೂವರಿಗೆ ಐದೂ ಎಲಿ ಹರದು, ಹಾಳಿ ಬಿಚ್ಚಿ, ಕುದಿಯೋ ನೀರಾಗ ಅದ್ದಿ, ಸ್ಪಿರಿಟ್ ಬಾಟ್ಲಿಯೊಳಗ ಹಾಕು. ಹೊತ್ತು ಮುಳುಗೂಕ್ಕಿಂತ ಮೊದಲ. ಮರಿಬ್ಯಾಡ."

"ಮರಿಯಾಂಗಿಲ್ಲ ಬಿಡು, ಹೋಗು" ಅಂದೆ.

ಮಧ್ಯಾಹ್ನ ನಾನು ಶೇಂಗಾ ಹೋಳಿಗೆ ಮಾಡಲು ಕುಳಿತೆ. ನಿಮ್ಮಪ್ಪನಿಗೆ ಅದು ಪ್ರಾಣ. ಈ ಸಲ ಬರೀ ಭೇಟಿಯಲ್ಲ, ಇನ್ನು ಮೇಲೆ ಎಲ್ಲರೂ ಒಂದೇ ಮನೆಯಲ್ಲಿ ಅಂತ ನನ್ನ ಮನಸ್ಸು ಹಾರುತ್ತಿತ್ತು. ಶೇಂಗಾ ಹುರಿದು, ಸಿಪ್ಪೆ ತೆಗೆದು, ಬೆಲ್ಲ ಕುಟ್ಟಿ, ಹೂರಣ ಮಾಡಿ, ಒಂದೊಂದೇ ಲಟ್ಟಿಸಿ ಬೇಯಿಸಿದೆ. ಅಲ್ಲಿ ಪಕ್ಕದ ಮನೆಯವರಿಗೂ ಕೊಡಬೇಕಾಗುತ್ತದೆ ಅಂತ ಮತ್ತೊಂದಿಷ್ಟು ಮಾಡಿದೆ. ನೀವಿಬ್ಬರೂ ಬಂದು ಬಿಸಿಬಿಸಿಯಾಗಿ ಎರಡೆರಡು ತಿಂದು ಆಡಲು ಓಡಿದಿರಿ. ಬಾಗಿಲ ಹೊರಗೆ ಕತ್ತಲಾಯಿತು, ಅಭ್ಯಾಸದಂತೆ ಎದ್ದು ಕೈ ತೊಳೆದು ದೇವರಿಗೆ ದೀಪ ಹಚ್ಚಿದೆ. ಕಡ್ಡಿ ಆರಿಸುವಾಗ ಎಲೆ ನೆನಪಾಯಿತು.

ತಾರಸಿಗೆ ಓಡಿದೆ. ಹೊತ್ತು ಮುಳುಗಿತ್ತು, ಬೀದಿಯ ದೀಪಗಳು ಹತ್ತಿದ್ದವು. ದಾಸವಾಳ ಸುಮ್ಮನೆ ನಿಂತಿತ್ತು. ಕೈ ಚಾಚಿದೆ. ಚಾಚಿದ ಕೈ ಹಿಂದಕ್ಕೆ ಬಂತು.

ನಮ್ಮೂರಲ್ಲಿ ದೀಪ ಹಚ್ಚಿದ ಮೇಲೆ ಗಿಡವನ್ನು ಮುಟ್ಟುವುದಿಲ್ಲ. ಗಿಡ ಮಲಗಿರುತ್ತದೆ. ಔಷಧಿಗೆ ಅಂತ ಒಂದು ಎಲೆ ಬೇಕಾದರೂ ಬೆಳಗಿನ ತನಕ ಕಾಯುತ್ತಾರೆ. ನಾನು ಆರು ವರ್ಷದವಳಿದ್ದಾಗ ಮುಸ್ಸಂಜೆ ಮಲ್ಲಿಗೆ ಕಿತ್ತೆ ಅಂತ ನನ್ನವ್ವ ಕೈ ಮೇಲೆ ಹೊಡೆದು, ಗಿಡಕ್ಕೆ ತಪ್ಪಾಯಿತು ಅನ್ನಿಸಿದ್ದಳು. ಅಂದಿನಿಂದ ನಾನು ಸಂಜೆಯ ಗಿಡವನ್ನು ಮುಟ್ಟಿದವಳಲ್ಲ. ಅದೂ ಎರಡು ದಿನ ಕತ್ತಲೆಯಲ್ಲಿ ಕೂತು ಇವತ್ತಷ್ಟೇ ಬಿಸಿಲು ಕಂಡ ಗಿಡ. ಹಗಲೆಲ್ಲ ಬಿಸಿಲು ಉಂಡದ್ದು ಎಲೆಯಲ್ಲೇ ಇರುತ್ತದಲ್ಲ, ಎಲ್ಲಿ ಹೋಗುತ್ತದೆ? ಬೆಳಗಿನ ಜಾವ ಎದ್ದು ಕೊಯ್ದರಾಯಿತು, ಇನ್ನೂ ತಾಜಾ ಇರುತ್ತದೆ. ಹೀಗೆ ನನಗೆ ನಾನೇ ಹೇಳಿಕೊಂಡು ಕೆಳಗಿಳಿದೆ.

ಎಂಟು ಗಂಟೆಗೆ ನಿಮ್ಮಮ್ಮ ಬಂದಳು. ಪೋಷಕರ ಜೊತೆ ಮಾತಾಡಿ ದನಿ ಬಿದ್ದಿತ್ತು.

"ಎಲಿ ಆತೇನವ್ವಾ?"

"ಹೂಂ" ಅಂದೆ. "ಚೀಲದಾಗ ಇಟ್ಟೀನಿ."

ಆಕೆ ಚೀಲ ಬಿಚ್ಚಿ ನೋಡಲಿಲ್ಲ. ನನ್ನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ. ಇದು ಮೊದಲನೆಯ ಸುಳ್ಳು.

ನಾಲ್ಕೂವರೆಗೆ ಎದ್ದು, ಗಿಡಕ್ಕೆ ಕೈಮುಗಿದು, ಐದು ಎಲೆ ಕೊಯ್ದೆ. ಹೇಳಿದ ಹಾಗೇ ಕುದಿನೀರಲ್ಲಿ ಅದ್ದಿ ಬಾಟಲಿಗೆ ಹಾಕಿದೆ. ಗಂಟುಗಳನ್ನು ಎರಡೆರಡು ಸಲ ಎಣಿಸಿದೆ. ಎಲ್ಲ ಸರಿಯಾಗಿ ಮಾಡಿದೆ ಅಂತ ನೆಮ್ಮದಿಯಾಗಿತ್ತು.

ಬೆಳಗಿನ ರೈಲಿಗೆ ನಾವು ನಾಲ್ವರೂ ಫಿಜಿಕ್ಸ್ ಮೇಡಂ ಕೂಡ ಹೊರಟೆವು. ದುವ್ವಾಡದಲ್ಲಿ ನಿಮ್ಮಪ್ಪ ಪ್ಲಾಟ್‌ಫಾರ್ಮಿನ ಮೇಲೆ ಕಾಯುತ್ತಿದ್ದರು. ಸಣ್ಣವಳು ರೈಲು ನಿಲ್ಲುವ ಮೊದಲೇ ಕೂಗತೊಡಗಿದಳು. ಅವರ ಜೊತೆ ಕೆಲಸ ಮಾಡುವವರೊಬ್ಬರ ಖಾಲಿ ಮನೆಯಲ್ಲಿ ಇಳಿದೆವು. ಹೋಳಿಗೆಯ ಡಬ್ಬಿ ಬಿಚ್ಚಿದೊಡನೆ ನಿಮ್ಮಪ್ಪ ನಿಂತಲ್ಲೇ ಮೂರು ತಿಂದರು. "ಅತ್ತಿ, ಇನ್ನ ವಾರಕ್ಕೊಮ್ಮೆ ಮಾಡಬೇಕಾಗ್ತದ ನೋಡ್ರಿ, ಈಗ ಹೇಳಿರ್ತೀನಿ" ಅಂದರು. ನಾನು ಸೆರಗು ಎಳೆದುಕೊಂಡು ನಕ್ಕೆ. ಅವರ ಎದುರು ನಾನು ಮಾತಾಡುವುದು ಕಡಿಮೆ.

ಮರುದಿನ ಪಾಠ. ನೀವು ಅಪ್ಪನ ಜೊತೆ ಉಳಿದಿರಿ. ಬಾಟಲಿಯ ಚೀಲ ಹಿಡಿದು ನಾನು ಹೋದೆ. ಮೂರನೆಯ ಮಹಡಿ, ಕಿಟಕಿಯಲ್ಲಿ ದೂರ ಸಮುದ್ರದ ಗೆರೆ. ಹಿಂದಿನ ಬೆಂಚಿನಲ್ಲಿ ನಾಲ್ಕು ಜನ ದೊಡ್ಡವರು ಕಾಗದ ಹಿಡಿದು ಕುಳಿತಿದ್ದರು. ನಾನು ನಲ್ಲಿಯ ಪಕ್ಕ ಒಂದು ಸ್ಟೂಲಿನ ಮೇಲೆ, ಬಾಟಲಿ ಮಡಿಲಲ್ಲಿಟ್ಟುಕೊಂಡು ಕೂತೆ. ಎಲೆಗಳು ಹಸಿರು ಬಿಟ್ಟು ಬೆಳ್ಳಗೆ ಒದ್ದೆ ಕಾಗದದಂತೆ ಆಗಿದ್ದವು, ಹೇಗಿರಬೇಕೋ ಹಾಗೆಯೇ.

ಫಿಜಿಕ್ಸ್ ಮೇಡಂ ಚೆನ್ನಾಗಿ ಮಾಡಿದರು. ಗೋಡೆಯ ಮೇಲೆ ಏಳು ಬಣ್ಣ ಬಿದ್ದಾಗ ಮಕ್ಕಳು ಓ ಅಂದರು. ಪುಟ್ಟ ಫ್ಯಾನು ತಿರುಗಿತು, ಕೈ ಅಡ್ಡ ಹಿಡಿದರೆ ನಿಂತಿತು. ಯಾವ ಬಣ್ಣದ ಎಲೆ ಎಷ್ಟು ನೀಲಿಯಾಗಬೇಕು ಅಂತ ಮಕ್ಕಳಿಂದಲೇ ಹಲಗೆಯ ಮೇಲೆ ಬರೆಸಿದರು. ಆಮೇಲೆ, "ಎಲೆಯನ್ನೇ ಕೇಳೋಣ" ಅಂದು ನಿಮ್ಮಮ್ಮನ ಕಡೆ ಕೈ ತೋರಿದರು.

ನಿಮ್ಮಮ್ಮ ಐದು ಎಲೆಗಳನ್ನು ಬಿಳಿ ತಟ್ಟೆಗಳ ಮೇಲೆ ಹರಡಿ ಅಯೋಡಿನ್ ಹಾಕಿದಳು. ಮಕ್ಕಳು ಮೇಜಿನ ಸುತ್ತ ಮುತ್ತಿದರು. ನಾನು ಎದ್ದು ನಿಂತೆ. ಬಿಸಿಲಿನ ಎಲೆ ಕಂದು. ಕೆಂಪಿನದು ಕಂದು. ನೀಲಿಯದು ಕಂದು. ನರದ ಹತ್ತಿರ ಎಲ್ಲೋ ಒಂದು ಬೂದಿ ಛಾಯೆ, ಅಷ್ಟೇ. ನಿಮ್ಮಮ್ಮ ಇನ್ನೆರಡು ಹನಿ ಹಾಕಿದಳು. ಕಾದಳು. ಇನ್ನೆರಡು ಹನಿ. ಅವಳ ಬೆರಳುಗಳೂ ಕಂದಾಗಿದ್ದವು. ಐದಕ್ಕೆ ಐದೂ ಒಂದೇ ಬಣ್ಣ.

ಮಕ್ಕಳು ಒಬ್ಬರನ್ನೊಬ್ಬರು ನೋಡಿದರು. ಯಾರೋ ಕಿಸಕ್ಕೆಂದರು. ಆಗ ಮುಂದೆ ನಿಂತಿದ್ದ ಒಬ್ಬ ಹುಡುಗಿ, ತಮಾಷೆಗಲ್ಲ, ನಿಜವಾಗಿ ತಿಳಿಯಬೇಕು ಅಂತಲೇ ತೆಲುಗಿನಲ್ಲಿ ಕೇಳಿದಳು: "ಮೇಡಂ, ಇವನ್ನ ಯಾವಾಗ ಕೊಯ್ದಿರಿ?"

"ಸಾಯಂಕಾಲ" ಅಂದಳು ನಿಮ್ಮಮ್ಮ. ಅಂದು ನನ್ನ ಕಡೆ ನೋಡಿದಳು.

ಅಷ್ಟೂ ಜನ ನನ್ನನ್ನು ನೋಡಿದರು ಅನ್ನಿಸಿತು. ಒಂದು ಮಾತು ಸಾಕಿತ್ತು. ಕನ್ನಡದಲ್ಲೇ ಹೇಳಿದ್ದರೂ ಅವಳು ಹಿಡಿದುಕೊಳ್ಳುತ್ತಿದ್ದಳು. ಅದನ್ನೇ ಪಾಠವಾಗಿ ತಿರುಗಿಸುವಷ್ಟು ಬುದ್ಧಿ ಅವಳಿಗಿತ್ತು. ಆದರೆ ನಾನು ಶಾಲೆಯಲ್ಲಿ ಮಾಸ್ತರರು ಹೆಸರು ಕರೆದರೂ ದನಿ ಹೊರಡದವಳು. ನೆಲ ನೋಡಿದೆ. ಕಾಲಬೆರಳಿನಿಂದ ಸ್ಟೂಲಿನ ಕಾಲು ಒತ್ತಿ ಹಿಡಿದೆ. ಗಂಟೆ ಬಡಿಯಿತು.

ಹಿಂದೆ ಕುಳಿತ ಒಬ್ಬರು ನಿಮ್ಮಮ್ಮನಿಗೆ ಹೇಳಿದ್ದು ನನಗೂ ತಿಳಿಯಿತು: ಮಕ್ಕಳ ಮುಂದೆ ತರುವ ಮೊದಲು ಒಂದು ಸಲ ಪರೀಕ್ಷಿಸಿ ನೋಡಬೇಕಿತ್ತು.

ಮೆಟ್ಟಿಲು ಇಳಿಯುವಾಗ ನಿಮ್ಮಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಅವ್ವಾ, ಐದೂವರಿಗೇ ಹರದಿದ್ದಿ ಹೌದಿಲ್ಲೋ?"

"ಹೂಂ."

ಇದು ಎರಡನೆಯದು. ಮೊದಲನೆಯದು ಅಂಜಿಕೆಯಿಂದ ಬಂದದ್ದು. ಇದು ಯಾವುದರಿಂದ ಬಂತು ಅಂತ ನಾನು ಇವತ್ತಿಗೂ ನನ್ನನ್ನು ಕೇಳಿಕೊಳ್ಳುತ್ತೇನೆ.

ಕೆಲಸ ಬೇರೆಯವರಿಗೆ ಹೋಯಿತು. ವಿಜಯವಾಡಕ್ಕೆ ಬಂದ ಮೇಲೆ ಶುರುವಾದದ್ದನ್ನು ಬರೆಯುವುದು ಕಷ್ಟ. ಫಿಜಿಕ್ಸ್ ಮೇಡಂ ಅಯೋಡಿನ್ ಹಳತಾಗಿರಬೇಕು ಅಂದರು. ನಿಮ್ಮಮ್ಮ ಅವರು ತಂದ ಬಣ್ಣದ ಹಾಳೆಗಳೇ ದಪ್ಪವಿದ್ದವು ಅಂದಳು. ಬಯಲಿನ ಎಲೆಗೆ ಹಾಳೆಯೇ ಇರಲಿಲ್ಲವಲ್ಲ ಅಂದರು ಅವರು. ಮಾತಿಗೆ ಮಾತು ಬೆಳೆದು ಆ ನಗುವ ಹೆಂಗಸು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ನಾನು ಎರಡು ಲೋಟ ಚಹಾಕ್ಕೆ ನೀರಿಟ್ಟು, ಆಮೇಲೆ ನೆನಪಾಗಿ ಒಂದು ಲೋಟದ ನೀರು ಚೆಲ್ಲುತ್ತಿದ್ದೆ.

ಅದಕ್ಕಿಂತ ದೊಡ್ಡದು ಫೋನಿನಲ್ಲಿ ನಡೆಯಿತು. ನಿಮ್ಮಪ್ಪನ ದನಿ ನನಗೆ ಕೇಳುತ್ತಿರಲಿಲ್ಲ, ನಿಮ್ಮಮ್ಮನದು ಕೇಳುತ್ತಿತ್ತು. "ಬೇಕಂತ ಮಾಡಿದೆ ಅಂತೀರೇನು? ನನಗ ಬರೋ ಮನಸ್ಸಿಲ್ಲ ಅಂತೀರೇನು?" ಆಮೇಲೆ, "ಆತು ಬಿಡ್ರಿ. ನೀವು ಅಲ್ಲೇ ಇರ್ರಿ, ನಾವು ಇಲ್ಲೇ ಇರ್ತೀವಿ." ಆ ತಿಂಗಳು ನಿಮ್ಮಪ್ಪ ಒಂದು ಶನಿವಾರವೂ ಬರಲಿಲ್ಲ. ಸಣ್ಣವಳು ಬಾಗಿಲಲ್ಲಿ ಕೂತು, "ಅಮ್ಮಮ್ಮಾ, ನಾನು ಬೂಟು ಬಚ್ಚಿಡಲ್ಲ ಅಂತ ನಾನ್ನಕಿ ಚೆಪ್ಪು" ಅಂದಳು. ಅಪ್ಪನಿಗೆ ಹೇಳು ಅಂತ. ತಪ್ಪು ಅವಳದೇ ಅಂತ ಮಗು ತಿಳಿದಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದೆ, ಹೊರಗೆ ಬಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ.

ನಿಮ್ಮಮ್ಮ ಸುಮ್ಮನೆ ಬಿಡುವವಳಲ್ಲ. ಅದೇ ಗಿಡವನ್ನು ಮತ್ತೆ ಎರಡು ದಿನ ಕತ್ತಲೆಯಲ್ಲಿಟ್ಟಳು. ಅದೇ ಹಾಳೆಗಳನ್ನು ಸುತ್ತಿದಳು. ಭಾನುವಾರ ಐದೂವರೆಗೆ ತಾನೇ ಕೊಯ್ದು, ಮರುದಿನ ಅದೇ ಅಯೋಡಿನ್ ಹಾಕಿದಳು. ಬಿಸಿಲಿನ ಎಲೆ ಕಪ್ಪು-ನೀಲಿ ಆಯಿತು. ಕೆಂಪಿನದೂ ನೀಲಿಯದೂ ಆದವು. ಅವಳು ತಟ್ಟೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ನನ್ನೆದುರು ಇಟ್ಟಳು.

"ನಾ ಸಂಜಿಕೆ ಹರೀಲಿಲ್ಲ" ಅಂದೆ. "ಹೋಳಿಗಿ ಮಾಡಕೋತ ಕುಂತೆ, ಹೊತ್ತು ಮುಳುಗಿ ಬಿಡ್ತು. ದೀಪ ಹಚ್ಚಿದ ಮ್ಯಾಲ ಗಿಡಾ ಹೆಂಗ ಮುಟ್ಟಲಿ? ಬೆಳಿಗ್ಗೆ ಹರದೆ."

"ಎಷ್ಟು ಗಂಟೆಕ?"

"ನಾಕೂವರಿ."

ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ನನಗಲ್ಲ, ತಟ್ಟೆಗೆ ಹೇಳುವವಳಂತೆ ಹೇಳಿದಳು: "ಹಗಲು ಮಾಡಿದ ಗಂಜಿನ ಗಿಡಾ ರಾತ್ರಿ ಉಂಡುಬಿಡ್ತದವ್ವಾ. ಸಕ್ಕರಿ ಮಾಡಿ ಬೇರಿಗೆ, ಚಿಗುರಿಗೆ ಕಳಿಸ್ತದ. ಬೆಳಿಗ್ಗೆ ಎಲಿ ಖಾಲಿ. ಎಲಿದೇನೂ ತಪ್ಪಿಲ್ಲ."

ಬೈಯಲಿಲ್ಲ. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಬಡಿಸಿದರೆ ಉಂಡಳು, ಕೊಟ್ಟ ಡಬ್ಬಿ ಒಯ್ದಳು. ಹನ್ನೆರಡನೆಯ ದಿನ ಫೋನು ತಂದು ನನ್ನ ಮುಂದಿಟ್ಟಳು. "ನಾ ಹೇಳಿದ್ರ ಅವರು ನಂಬೂದಿಲ್ಲ. ನೀನ ಹೇಳು."

ಅಳಿಯನಿಗೆ ನಾನಾಗಿ ಫೋನು ಮಾಡಿದವಳೇ ಅಲ್ಲ. ಅವರೇ ಮಾಡಿದರೂ, "ಆರಾಮ ಅದೀವಿ" ಅಂದು ಮಕ್ಕಳಿಗೆ ಕೊಡುತ್ತಿದ್ದೆ. ನಿಮ್ಮಮ್ಮ ಗುಂಡಿ ಒತ್ತಿ ಹೊರಗೆ ಹೋಗಿ ಬಾಗಿಲು ಮುಂದೆ ಎಳೆದುಕೊಂಡಳು. ಅವರು ಎತ್ತಿದರು, ಹಿಂದೆ ಯಂತ್ರಗಳ ಸದ್ದು. ನಾನು ನಿಂತುಕೊಂಡೇ ಹೇಳಿದೆ. ಹೋಳಿಗೆಯಿಂದ ಶುರು ಮಾಡಿ, ದೀಪ, ಕೈ ಚಾಚಿ ಹಿಂದಕ್ಕೆ ತೆಗೆದದ್ದು, ಎರಡು ಸಲ ಹೂಂ ಅಂದದ್ದು, ಎಲ್ಲ. ನನ್ನ ಜನ್ಮದಲ್ಲಿ ಅಷ್ಟು ಮಾತನ್ನು ಒಂದೇ ಸಲ ಆಡಿದ್ದಿಲ್ಲ. ಮುಗಿದ ಮೇಲೆ ಫೋನು ಕಡಿಯಿತೋ ಅಂತ ನೋಡಿದೆ.

"ಅತ್ತಿ" ಅಂದರು. "ನಾ ಅಕಿಗೆ ಏನೇನೋ ಅಂದುಬಿಟ್ಟೀನ್ರಿ."

"ತಪ್ಪು ನಂದಪ್ಪಾ."

"ಆ ಹೋಳಿಗಿ ಪೂರಾ ನಾನ ತಿಂದೆ. ನಾಕ ದಿನ ಇಟ್ಟುಕೊಂಡು ತಿಂದೆ" ಅಂದರು. ಪಾಳಿಯ ಸೈರನ್ ಕೂಗಿತು, ಇಟ್ಟುಬಿಟ್ಟರು.

ಆ ಶನಿವಾರ ಬಂದರು. ಅವರಿಬ್ಬರೂ ತಾರಸಿಯ ಮೇಲೆ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕೂ ಇಲ್ಲ. ಸಣ್ಣವಳು ಬೂಟು ಬಚ್ಚಿಡಲಿಲ್ಲ. ತಾನೇ ಒರೆಸಿ ಬಾಗಿಲಲ್ಲಿ ಇಟ್ಟಳು. ಅದನ್ನು ನೋಡಿ ನನಗೆ ಅವಳು ಅಕ್ಕಿಯಲ್ಲೇ ಬಚ್ಚಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆದರೆ ಹೋದ ಕೆಲಸ ಹೋಯಿತು. ಅಂಥದ್ದು ಮತ್ತೆ ಬರಲಿಲ್ಲ. ಫಿಜಿಕ್ಸ್ ಮೇಡಂ ಹತ್ತಿರ ನಿಮ್ಮಮ್ಮ ಹೋಗಿ ಹೇಳಿ ಬಂದಳು. ಅವರು ಬಂದು ಮತ್ತೆ ನನ್ನ ಪಕ್ಕ ನೆಲದ ಮೇಲೆ ಕೂತು, "ಅಮ್ಮಗಾರೂ, ನಲವತ್ತು ನಿಮಿಷ ನಾನು ಬೆಳಕಿನ ಪಾಠ ಹೇಳಿದೆ, ಕತ್ತಲಿನ ಪಾಠ ನೀವು ಹೇಳಿದಿರಿ" ಅಂದರು. ನಗಿಸಬೇಕು ಅಂತ ಅಂದದ್ದು. ನಾನು ನಗಲಿಲ್ಲ, ಅವರೂ ನಗಲಿಲ್ಲ. ಮರುವರ್ಷ ಅವರ ಯಜಮಾನರಿಗೆ ಬೇರೆ ಊರಿಗೆ ಬದಲಿಯಾಯಿತು.

ಅವರು ಹೋಗುವ ಮೊದಲು ಇಬ್ಬರೂ ಆ ಪಾಠವನ್ನು ಇಲ್ಲಿಯ ಮಕ್ಕಳಿಗೆ ಮಾಡಿದರು. ಅದಕ್ಕೆ ಎರಡು ಎಲೆ ಬೇಕಾಗಿದ್ದವು, ಒಂದು ಸಂಜೆಯದು, ಒಂದು ಬೆಳಗಿನ ಜಾವದ್ದು. "ಎರಡೂ ನೀನ ಹರದು ಕೊಡವ್ವಾ" ಅಂದಳು ನಿಮ್ಮಮ್ಮ. ಶಿಕ್ಷೆಯೋ ನಂಬಿಕೆಯೋ ನನಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಐದೂವರೆಗೆ ತಾರಸಿ ಹತ್ತಿದೆ. ಇನ್ನೂ ಬಿಸಿಲಿತ್ತು, ದೀಪ ಹಚ್ಚಲು ಸಮಯವಿತ್ತು. ಗಿಡಕ್ಕೆ ತಪ್ಪಾಯಿತು ಅಂದೆ, ಕೊಯ್ದೆ. ಗೋಡೆಯ ಮೇಲೆ ಇರುವುದು ಆ ಎರಡು ಎಲೆಗಳ ಫೋಟೊ. ಕಪ್ಪು-ನೀಲಿ ಸಂಜೆಯದು, ಕಂದು ನಾಲ್ಕೂವರೆಯದು. ಕೆಳಗೆ ಗಂಟೆ ಬರೆದಿದ್ದಾರಂತೆ, ಕೊಯ್ದವರು ಯಾರು ಅಂತ ಬರೆದಿಲ್ಲ.

ನಾನೇ ಕೊಯ್ದದ್ದು. ಅವೆರಡನ್ನೂ, ಅದಕ್ಕೂ ಮುಂಚಿನ ಐದನ್ನೂ.

ನಿಮ್ಮಪ್ಪ ಇನ್ನೂ ದುವ್ವಾಡದಲ್ಲೇ ಇದ್ದಾರೆ. ದೊಡ್ಡವಳು ದೊಡ್ಡವಳಾದ ದಿನ ಅವರು ಇಲ್ಲಿರಲಿಲ್ಲ, ಸಣ್ಣವಳಿಗೆ ಜ್ವರ ಬಂದು ಆಸ್ಪತ್ರೆಯಲ್ಲಿದ್ದ ಮೂರು ದಿನವೂ ಇರಲಿಲ್ಲ. ನೀವು ಯಾವತ್ತೋ ಅಮ್ಮನಿಗೆ ಸಿಟ್ಟಿನಿಂದ, "ಅಪ್ಪನ ಹತ್ತಿರ ಹೋಗಬೇಕು ಅಂತ ನಿನಗೇ ಅನ್ನಿಸಲಿಲ್ಲ" ಅಂದಿರಿ. ಅವಳು ನನ್ನ ಕಡೆ ನೋಡದೆ ಸುಮ್ಮನಿದ್ದಳು. ಆ ಮಾತನ್ನು ಅವಳಿಗೆ ಇನ್ನೊಮ್ಮೆ ಅನ್ನಬೇಡಿ. ಅನ್ನುವುದಿದ್ದರೆ ಅಡುಗೆಮನೆಗೆ ಬಂದು ನನಗೆ ಅನ್ನಿ. ಈ ಸಲ ನಾನು ನೆಲ ನೋಡುವುದಿಲ್ಲ.